ಬಾಲಚಕ್ರದ ಕಸರತ್ತು ವಿಮಾನ ಇಳಿದ ಮೇಲೆ ಎಡಕ್ಕೇ ತಿರುಗುವುದೇಕೆ?

ಸಿರುಗುಪ್ಪ ಪೈಲಟ್:

ಎಲ್ಲರಿಗೂ ನಮಸ್ಕಾರ. ನಾನು ಸಿರುಗುಪ್ಪದವನು. ಅಮೆರಿಕದಲ್ಲಿ ಪೈಲಟ್ ತರಬೇತಿ ಮುಗಿಸಿ, ಈಗ ಅಲ್ಲಿಯೇ ವೈಮಾನಿಕ ಕಸರತ್ತು ಕಲಿಯುತ್ತಿದ್ದೇನೆ. ರಜೆಗೆಂದು ಊರಿಗೆ ಬಂದಿದ್ದು, ಕೆಲವೇ ದಿನಗಳಲ್ಲಿ ಹಿಂದಿರುಗಬೇಕು. ಅಷ್ಟರೊಳಗೆ ನನ್ನನ್ನು ಕಾಡುತ್ತಿರುವ ಒಂದು ಸಮಸ್ಯೆಯನ್ನು ನಮ್ಮ ಭಾಗದ ಅನುಭವಿಗಳ ಮುಂದೆ ಇಡಬೇಕೆಂದು ಬರೆಯುತ್ತಿದ್ದೇನೆ.

ನಾನು ಮೊದಲು ಕಲಿತದ್ದು ಸೆಸ್ನಾ 172ರಲ್ಲಿ. ಅದಕ್ಕೆ ಮೂಗಿನ ಕೆಳಗೆ ಚಕ್ರವಿರುವುದರಿಂದ, ನೆಲ ಮುಟ್ಟಿದ ಮೇಲೆ ತಾನಾಗಿಯೇ ನೇರವಾಗಿ ಓಡುವ ಸ್ವಭಾವ ಅದಕ್ಕಿದೆ. ಆಮೇಲೆ ಸೂಪರ್ ಡೆಕಾಥ್ಲಾನ್‌ನಲ್ಲಿ ಬಾಲಚಕ್ರದ ವಿಮಾನವನ್ನು ಅಭ್ಯಾಸ ಮಾಡಿದೆ. ಅಲ್ಲಿ ಬಾಲಚಕ್ರದ ವಿಮಾನಕ್ಕೆ ಮುಖ್ಯ ಪೈಲಟ್ ಆಗಬೇಕಾದರೆ ಬೋಧಕರು ಲಾಗ್‌ಬುಕ್ಕಿನಲ್ಲಿ ಪ್ರತ್ಯೇಕವಾಗಿ ಬರೆದು ಸಹಿ ಮಾಡಿಕೊಡಬೇಕು, ಅದೂ ಆಯಿತು. ಈಗ ಪಿಟ್ಸ್ ಎಸ್-2ಬಿ ಹಾರಿಸುತ್ತಿದ್ದೇನೆ. 260 ಅಶ್ವಶಕ್ತಿಯ ಎಂಜಿನ್, ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಹರವು ಕೇವಲ 20 ಅಡಿ. ಆಕಾಶದಲ್ಲಿ ಅದು ಹೇಳಿದಂತೆ ಕೇಳುತ್ತದೆ. ತೊಂದರೆಯೆಲ್ಲ ನೆಲದ ಮೇಲೆ.

ಮೂರೂ ಚಕ್ರಗಳು ಒಟ್ಟಿಗೆ ನೆಲ ಮುಟ್ಟುವಂತೆ ಇಳಿಸುತ್ತೇನೆ. ಆ ಕ್ಷಣ ಚೆನ್ನಾಗಿಯೇ ಇರುತ್ತದೆ. ಓಟದ ಮೊದಲ ಅರ್ಧವೂ ನೇರವಾಗಿರುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ, ವೇಗವು ಓಡುವ ಮನುಷ್ಯನ ವೇಗಕ್ಕೆ ಇಳಿಯುತ್ತಿರುವಾಗ, ಮೂಗು ಎಡಕ್ಕೆ ತಿರುಗುತ್ತದೆ. ಬಲ ಪೆಡಲ್ ಒತ್ತಿದರೂ ನಿಲ್ಲುವುದಿಲ್ಲ. ಎರಡು ಸಲ ಮುಂದೆ ಕುಳಿತಿದ್ದ ಬೋಧಕರು ಬ್ರೇಕ್ ಹಾಕಿ ಉಳಿಸಿದರು. ಮೂರನೆಯ ಸಲ ವಿಮಾನ ಅರ್ಧ ಸುತ್ತು ತಿರುಗಿ, ಬಲಗಡೆಯ ಕೆಳರೆಕ್ಕೆಯ ತುದಿ ನೆಲಕ್ಕೆ ಉಜ್ಜಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಲಚಕ್ರದಲ್ಲಿ ದೋಷವಿದೆಯೇ, ನನ್ನಲ್ಲಿ ದೋಷವಿದೆಯೇ ಎಂಬುದು ತಿಳಿಯಬೇಕಾಗಿದೆ.

ಕೊಪ್ಪಳದ ನಿವೃತ್ತ ಬೋಧಕ:

ಸಮಸ್ಯೆಯನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ, ಸಂತೋಷವಾಯಿತು. ನಾನು ಹಾರಾಟ ಕಲಿತ ಕಾಲದಲ್ಲಿ ಬಾಲಚಕ್ರವೇ ರೂಢಿಯಾಗಿತ್ತು. ಬೆಂಗಳೂರಿನ ಹೆಚ್‌ಎಎಲ್‌ನಲ್ಲಿ ಘಾಟಗೆಯವರ ತಂಡ ರೂಪಿಸಿ 1951ರಲ್ಲಿ ಮೊದಲು ಹಾರಿಸಿದ ಎಚ್‌ಟಿ-2, ಆಮೇಲೆ 1958ರಲ್ಲಿ ಬಂದ ಪುಷ್ಪಕ್, ಎರಡಕ್ಕೂ ಚಕ್ರ ಬಾಲದಲ್ಲಿಯೇ ಇತ್ತು. ಪುಷ್ಪಕ್ ನಿಧಾನವಾದ, ತಾಳ್ಮೆಯುಳ್ಳ ವಿಮಾನ. ತಪ್ಪು ಮಾಡಿದರೆ ತಿದ್ದಿಕೊಳ್ಳಲು ಸಮಯ ಕೊಡುತ್ತಿತ್ತು. ನಿಮ್ಮ ಪಿಟ್ಸ್ ಅಷ್ಟು ಸಮಯ ಕೊಡುವುದಿಲ್ಲ.

ಕಾರಣವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಬಾಲಚಕ್ರದ ವಿಮಾನದಲ್ಲಿ ಭಾರದ ಕೇಂದ್ರವು ಮುಖ್ಯ ಚಕ್ರಗಳ ಹಿಂದಿರುತ್ತದೆ. ಭತ್ತ ತುಂಬಿದ ಟ್ರ್ಯಾಲಿಯನ್ನು ಟ್ರ್ಯಾಕ್ಟರ್‌ನಿಂದ ಹಿಂದಕ್ಕೆ ತಳ್ಳುವವರನ್ನು ನಿಮ್ಮ ಸಿರುಗುಪ್ಪದಲ್ಲಿ ದಿನವೂ ನೋಡಿರುತ್ತೀರಿ. ಮುಂದಕ್ಕೆ ಎಳೆಯುವಾಗ ಟ್ರ್ಯಾಲಿ ತಾನೇ ನೇರವಾಗುತ್ತದೆ. ಹಿಂದಕ್ಕೆ ತಳ್ಳುವಾಗ ಒಂದು ಗೇಣು ಓರೆಯಾದರೆ ಆ ಓರೆ ತಾನೇ ಬೆಳೆಯುತ್ತ ಹೋಗಿ ಕೊನೆಗೆ ಟ್ರ್ಯಾಲಿ ಮಡಚಿಕೊಳ್ಳುತ್ತದೆ. ವಿಮಾನವೂ ಹಾಗೆಯೇ. ಮೂಗು ಸ್ವಲ್ಪ ಎಡಕ್ಕೆ ತಿರುಗಿತೆಂದರೆ, ಹಿಂದಿರುವ ಭಾರ ಹಳೆಯ ದಿಕ್ಕಿನಲ್ಲಿಯೇ ಮುಂದೆ ಹೋಗಲು ಹವಣಿಸುತ್ತದೆ, ಮುಂದಿರುವ ಚಕ್ರಗಳು ನೆಲವನ್ನು ಕಚ್ಚಿ ಅಡ್ಡಲಾಗಿ ತಡೆಯುತ್ತವೆ, ಇವೆರಡೂ ಸೇರಿ ಮೂಗನ್ನು ಇನ್ನಷ್ಟು ಎಡಕ್ಕೆ ತಿರುಗಿಸುತ್ತವೆ. ಇದೇ ಗ್ರೌಂಡ್ ಲೂಪ್. ಹೊರಗಡೆಯ ರೆಕ್ಕೆ ಕೆಳಕ್ಕೆ ವಾಲುವುದರಿಂದಲೇ ನಿಮ್ಮ ಬಲರೆಕ್ಕೆ ಉಜ್ಜಿದ್ದು. ಚಕ್ರದಿಂದ ಬಾಲದವರೆಗಿನ ಅಂತರ ಕಡಿಮೆಯಿದ್ದಷ್ಟೂ ಈ ತಿರುಗುವಿಕೆ ಬೇಗನೆ ಬೆಳೆಯುತ್ತದೆ. ಡೆಕಾಥ್ಲಾನ್ ಉದ್ದವಾದದ್ದು, ಪಿಟ್ಸ್ ಮೋಟು.

ನಿಮ್ಮಿಂದ ಮೂರು ವಿಷಯ ತಿಳಿಯಬೇಕು. ಆ ಮೂರು ದಿನವೂ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಬಲಗಡೆಯಿಂದ ಗಾಳಿ ಬೀಸಿದ ದಿನಗಳಲ್ಲಿಯೂ ವಿಮಾನ ಎಡಕ್ಕೇ ತಿರುಗಿತೇ? ಓಟದ ಕೊನೆಯಲ್ಲಿ ನಿಮ್ಮ ಬಲಗೈ ಸ್ಟಿಕ್ಕನ್ನು, ಅಂದರೆ ವಿಮಾನ ನಡೆಸುವ ಕೋಲನ್ನು, ಎಲ್ಲಿ ಹಿಡಿದಿರುತ್ತದೆ?

ಕೌಲ್‌ಬಜಾರ್ ಮಾಡೆಲ್:

ನಾನು ದೊಡ್ಡ ವಿಮಾನ ಹಾರಿಸಿದವನಲ್ಲ. ಬಳ್ಳಾರಿಯ ಹೊರವಲಯದಲ್ಲಿ ರಿಮೋಟ್‌ನಿಂದ ಹಾರಿಸುವ ಸಣ್ಣ ಕಸರತ್ತು ವಿಮಾನಗಳನ್ನು ಕಟ್ಟಿ ಹಾರಿಸುತ್ತೇನೆ. ಅವುಗಳಲ್ಲಿಯೂ ಹೆಚ್ಚಿನವಕ್ಕೆ ಬಾಲಚಕ್ರವೇ, ಈ ಕಾಯಿಲೆಯೂ ತಪ್ಪಿದ್ದಲ್ಲ. ನಮ್ಮಲ್ಲಿ ಇದಕ್ಕೆ ಒಂದು ಮದ್ದು ಇದೆ: ಮುಂದಿನ ಎರಡು ಚಕ್ರಗಳನ್ನು ಕೂದಲೆಳೆಯಷ್ಟು ಒಳಮುಖವಾಗಿ ತಿರುಗಿಸಿ ಕೂಡಿಸುತ್ತೇವೆ. ಮೂಗು ಎಡಕ್ಕೆ ಸರಿದಾಗ ಬಲಚಕ್ರ ಹೆಚ್ಚು ಓರೆಯಾಗಿ ನೆಲಕ್ಕೆ ಉಜ್ಜುತ್ತದೆ, ಎಡಚಕ್ರ ಸಲೀಸಾಗಿ ಉರುಳುತ್ತದೆ. ಹೀಗಾಗಿ ಬಲಗಡೆಯ ಎಳೆತ ಹೆಚ್ಚಿ ಮೂಗು ಮರಳಿ ನೇರವಾಗುತ್ತದೆ. ಪಿಟ್ಸ್‌ನಲ್ಲಿ ಚಕ್ರಗಳ ಈ ಹೊಂದಾಣಿಕೆಯನ್ನು ನೋಡಿಸಿದ್ದೀರಾ?

ರಾಯಚೂರು ಮೆಕ್ಯಾನಿಕ್:

ಕೌಲ್‌ಬಜಾರಿನವರ ವಾದ ಮಾಡೆಲ್ ವಿಮಾನಗಳ ಮಟ್ಟಿಗೆ ಸರಿಯಾಗಿಯೇ ಇದೆ, ಆದರೆ ಅದನ್ನು ದೊಡ್ಡ ವಿಮಾನಕ್ಕೆ ಹಾಗೆಯೇ ಒಯ್ಯಬಾರದೆಂದು ವಿನಂತಿಸುತ್ತೇನೆ. ಮನುಷ್ಯ ಕುಳಿತ ವಿಮಾನ ಎಡಕ್ಕೆ ತಿರುಗಿದಾಗ ಅದರ ಭಾರವೆಲ್ಲ ಹೊರಗಡೆಯ, ಅಂದರೆ ಬಲಗಡೆಯ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಒಳಮುಖವಾಗಿದ್ದರೆ ಅದು ನೋಡುತ್ತಿರುವುದು ಎಡಕ್ಕೆ. ಭಾರ ಹೊತ್ತ ಚಕ್ರ ತಾನು ನೋಡುವ ಕಡೆಗೆ ವಿಮಾನವನ್ನು ಒಯ್ಯುತ್ತದೆ, ತಿರುವು ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದಲೇ ದೊಡ್ಡ ಬಾಲಚಕ್ರದ ವಿಮಾನಗಳಲ್ಲಿ ಚಕ್ರಗಳು ನೇರವಾಗಿರಲಿ, ಇಲ್ಲವೇ ಅತ್ಯಲ್ಪ ಹೊರಮುಖವಾಗಿರಲಿ ಎನ್ನುವವರೇ ಹೆಚ್ಚು. ನನ್ನ ಅಭಿಪ್ರಾಯವೂ ಅದೇ. ಯಾವ ಅಳತೆ ಎಂಬುದನ್ನು ತಯಾರಕರ ಕೈಪಿಡಿ ನೋಡಿಯೇ ನಿರ್ಧರಿಸಬೇಕು.

ಒಂದೇ ಕಡೆಗೆ ಎಳೆಯುವ ವಿಮಾನ ಬಂದರೆ ನಾನು ಮೊದಲು ನೋಡುವುದು ಎರಡು ಟೈರುಗಳ ಗಾಳಿಯ ಒತ್ತಡವನ್ನು. ಒಂದರಲ್ಲಿ ಕಡಿಮೆಯಿದ್ದರೆ ವಿಮಾನ ಆ ಕಡೆಗೆ ಎಳೆಯುತ್ತದೆ. ಎರಡನೆಯದು ಬ್ರೇಕ್, ಒಂದು ಕಡೆಯದು ಬಿಡದೆ ಕಚ್ಚಿಕೊಂಡಿದೆಯೇ ಎಂದು ಚಕ್ರವನ್ನು ಮೇಲೆತ್ತಿ ಕೈಯಿಂದ ತಿರುಗಿಸಿ ನೋಡುತ್ತೇನೆ. ಮೂರನೆಯದು, ರಡ್ಡರ್‌ನಿಂದ, ಅಂದರೆ ಪೆಡಲ್ ಒತ್ತಿದಾಗ ತಿರುಗುವ ಬಾಲದ ನಿಂತ ಪಟ್ಟಿಯಿಂದ, ಬಾಲಚಕ್ರಕ್ಕೆ ಹೋಗುವ ಎರಡು ಸ್ಪ್ರಿಂಗ್‌ಗಳು. ಈ ಬಗೆಯ ಬಾಲಚಕ್ರವು ಒಂದು ಮಿತಿಯವರೆಗೆ ಪೆಡಲ್‌ನ ಮಾತು ಕೇಳುತ್ತದೆ, ಆ ಮಿತಿ ದಾಟಿದರೆ ಬೀಗ ಕಳಚಿಕೊಂಡು ಮಂಚದ ಗಾಲಿಯಂತೆ ಎತ್ತಲಾದರೂ ತಿರುಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ವಿಮಾನವನ್ನು ತಿರುಗಿಸಲು ಅದು ಬೇಕೇ ಬೇಕು. ಆದರೆ ಒಳಗಿನ ಹಲ್ಲು ಸವೆದಿದ್ದರೆ ಬೇಡದ ಹೊತ್ತಿನಲ್ಲಿಯೂ ಕಳಚಿಕೊಳ್ಳುತ್ತದೆ. ಬಾಲಚಕ್ರವನ್ನು ಹೊತ್ತ ಪಟ್ಟಿ ಸ್ಪ್ರಿಂಗ್ ದಣಿದು ಬಾಗಿದ್ದರೆ ಚಕ್ರದ ತಿರುಗುಗೂಟದ ಕೋನ ಬದಲಾಗಿ, ಓಟದಲ್ಲಿ ಬಾಲವೆಲ್ಲ ಗಡಗಡ ನಡುಗುತ್ತದೆ. ನಿಮಗೆ ಅಂಥ ನಡುಕವೇನಾದರೂ ಗೊತ್ತಾಗಿದೆಯೇ?

ಸಿರುಗುಪ್ಪ ಪೈಲಟ್:

ಎಲ್ಲರಿಗೂ ಕೃತಜ್ಞತೆಗಳು. ನಡುಕವಿಲ್ಲ. ಅಪಘಾತದ ಬಳಿಕ ಅಲ್ಲಿಯ ಮೆಕ್ಯಾನಿಕ್ ಟೈರು, ಬ್ರೇಕ್, ಬಾಲಚಕ್ರ ಎಲ್ಲವನ್ನೂ ಪರಿಶೀಲಿಸಿ ದೋಷವಿಲ್ಲವೆಂದು ಬರೆದುಕೊಟ್ಟಿದ್ದಾರೆ.

ಬೋಧಕರ ಪ್ರಶ್ನೆಗಳಿಗೆ ಉತ್ತರ ಹುಡುಕಲು ಲಾಗ್‌ಬುಕ್ ತೆರೆದು ಕುಳಿತೆ. ಎಡಕ್ಕೆ ತಿರುಗಿದ ಮೂರು ದಿನವೂ ಗಾಳಿ ಎಡಗಡೆಯಿಂದಲೇ, 8ರಿಂದ 12 ನಾಟ್ (ಗಂಟೆಗೆ ಸುಮಾರು 15ರಿಂದ 22 ಕಿ.ಮೀ.) ವೇಗದಲ್ಲಿ ಬೀಸುತ್ತಿತ್ತು. ಬಲಗಡೆಯಿಂದ ಗಾಳಿ ಬಂದ ಒಂದು ದಿನ ಕೊನೆಯಲ್ಲಿ ಸ್ವಲ್ಪ ಬಲಕ್ಕೆ ಎಳೆದಂತಾಗಿ ತಿದ್ದಿಕೊಂಡೆನೆಂದು ಬರೆದಿದ್ದೇನೆ, ಅದನ್ನು ಮರೆತೇಬಿಟ್ಟಿದ್ದೆ. ಸ್ಟಿಕ್ ಎಲ್ಲಿತ್ತೆಂಬ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. ಹಿಂದಕ್ಕೆ ಹಿಡಿದಿದ್ದೆನೆಂದೇ ನಂಬಿದ್ದೆ. ನನ್ನ ಸ್ನೇಹಿತನೊಬ್ಬ ರನ್‌ವೇಯ ಬದಿಯಲ್ಲಿ ನಿಂತು ಆ ಇಳಿತಗಳನ್ನು ಫೋನಿನಲ್ಲಿ ಚಿತ್ರೀಕರಿಸಿದ್ದ. ಅವನಿಂದ ವಿಡಿಯೊ ತರಿಸಿಕೊಂಡು ನಿಧಾನಗತಿಯಲ್ಲಿ ನೋಡಿದೆ. ನೆಲ ಮುಟ್ಟುವಾಗ ಬಾಲದ ಎಲಿವೇಟರ್, ಅಂದರೆ ಸ್ಟಿಕ್ ಹಿಂದಕ್ಕೆ ಎಳೆದರೆ ಮೇಲೇಳುವ ಅಡ್ಡಪಟ್ಟಿ, ಪೂರ್ತಿ ಮೇಲಕ್ಕಿದೆ. ಓಟದ ಅರ್ಧದಲ್ಲಿ ಅದು ಮೆಲ್ಲನೆ ಕೆಳಗಿಳಿದು ಸಮಸ್ಥಿತಿಗೆ ಬರುತ್ತದೆ. ಸ್ಟಿಕ್ ಎಡಬಲಕ್ಕೆ ಸರಿಸಿದಾಗ ರೆಕ್ಕೆಗಳನ್ನು ವಾಲಿಸುವ ಏಲೆರಾನ್ ಪಟ್ಟಿಗಳೂ ಅಷ್ಟೊತ್ತಿಗೆ ನಡುವೆ ಬಂದು ನಿಂತಿರುತ್ತವೆ. ಅದಾಗಿ ಎರಡು ಸೆಕೆಂಡಿನಲ್ಲಿ ಮೂಗು ತಿರುಗುತ್ತದೆ. ಮೂರು ಇಳಿತಗಳಲ್ಲಿಯೂ ಇದೇ ಕ್ರಮ.

ಕೊಪ್ಪಳದ ನಿವೃತ್ತ ಬೋಧಕ:

ನಿಮ್ಮ ಸ್ನೇಹಿತರ ಫೋನು ನನ್ನ ಕೆಲಸವನ್ನು ಹಗುರ ಮಾಡಿತು.

ವಿಮಾನದ ಬದಿಯ ಮೇಲೆ ಬೀಳುವ ಗಾಳಿ, ಮುಖ್ಯ ಚಕ್ರಗಳ ಹಿಂದಿರುವ ಉದ್ದನೆಯ ಒಡಲನ್ನೂ ಬಾಲದ ನಿಲುಪಟ್ಟಿಯನ್ನೂ ಗಾಳಿ ಹೋಗುವ ಕಡೆಗೆ ತಳ್ಳುತ್ತದೆ. ಬಾಲ ಬಲಕ್ಕೆ ಸರಿದರೆ ಮೂಗು ಎಡಕ್ಕೆ, ಅಂದರೆ ಗಾಳಿ ಬರುವ ಕಡೆಗೆ ತಿರುಗುತ್ತದೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಯಂತ್ರಗಳನ್ನು ಯಂತ್ರವೇ ಗಾಳಿಗೆ ಎದುರಾಗಿ ತಿರುಗಿಸುತ್ತದೆ. ವಿಮಾನವನ್ನು ಆ ಕಡೆಗೆ ಯಾರೂ ತಿರುಗಿಸಬೇಕಾಗಿಲ್ಲ, ಅದು ತಾನೇ ತಿರುಗುತ್ತದೆ. ವೇಗ ಹೆಚ್ಚಿದ್ದಾಗ ರಡ್ಡರ್‌ನ ಮೇಲೆ ಹರಿಯುವ ಗಾಳಿ ಬಲವಾಗಿರುವುದರಿಂದ ನಿಮ್ಮ ಪೆಡಲ್ ಇದನ್ನು ತಡೆಯುತ್ತದೆ. ವೇಗ ಇಳಿದಂತೆ ರಡ್ಡರ್ ಸೊರಗುತ್ತದೆ, ಎಂಜಿನ್ ಕೂಡ ಮಂದವಾಗಿರುವುದರಿಂದ ಪ್ರೊಪೆಲ್ಲರ್ ಹಿಂದಕ್ಕೆ ಎಸೆಯುವ ಗಾಳಿಯೂ ಇರುವುದಿಲ್ಲ. ಅಡ್ಡಗಾಳಿ ಮಾತ್ರ ಮೊದಲಿನಷ್ಟೇ ಇರುತ್ತದೆ. ಆ ಹೊತ್ತಿಗೆ ದಿಕ್ಕನ್ನು ಕಾಯುವ ಹೊಣೆ ಬಾಲಚಕ್ರದ್ದು, ಮತ್ತು ಬಾಲಚಕ್ರ ಆ ಹೊಣೆ ಹೊರಬೇಕಾದರೆ ಅದರ ಮೇಲೆ ಭಾರವಿರಬೇಕು. ಸ್ಟಿಕ್ಕನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಬಾಲ ನೆಲಕ್ಕೆ ಅದುಮಿಕೊಳ್ಳುತ್ತದೆ. ನೀವು ಸರಿಯಾಗಿ ಆ ಗಳಿಗೆಯಲ್ಲಿಯೇ ಕೈ ಸಡಿಲಿಸುತ್ತಿದ್ದೀರಿ. ರಡ್ಡರ್ ಸೊರಗಿದೆ, ಬಾಲಚಕ್ರ ಹಗುರಾಗಿದೆ, ಗಾಳಿ ತಳ್ಳುತ್ತಿದೆ. ಬಲ ಪೆಡಲ್ ಒತ್ತಿದರೂ ಅದರ ತುದಿಯಲ್ಲಿ ಹಿಡಿತವೇ ಇಲ್ಲ.

ಏಲೆರಾನ್ ವಿಷಯವೂ ಇದೇ. ಎಡಗಾಳಿಯಿದ್ದರೆ ಸ್ಟಿಕ್ ಎಡಕ್ಕಿರಬೇಕು, ಮತ್ತು ವೇಗ ಕಡಿಮೆಯಾದಂತೆ ಇನ್ನೂ ಎಡಕ್ಕೆ ಹೋಗುತ್ತ ನಿಲ್ಲುವ ಹೊತ್ತಿಗೆ ಅಂಚಿಗೆ ತಾಗಿರಬೇಕು. ನಿಧಾನವಾದಷ್ಟೂ ಏಲೆರಾನ್ ದುರ್ಬಲವಾಗುವುದರಿಂದ ಅದನ್ನು ಹೆಚ್ಚು ಹೆಚ್ಚಾಗಿ ಕೊಡಬೇಕಾಗುತ್ತದೆ. ಮೂಗುಚಕ್ರದಲ್ಲಿ ಕಲಿತವರ ಕೈ ಇದಕ್ಕೆ ವಿರುದ್ಧವಾಗಿ ಪಳಗಿರುತ್ತದೆ. ವಿಮಾನ ನಿಧಾನವಾಯಿತೆಂದರೆ ಕೆಲಸ ಮುಗಿಯಿತೆಂದು ಅದು ತಾನಾಗಿ ಸಡಿಲುತ್ತದೆ. ನನ್ನ ಎಷ್ಟೋ ವಿದ್ಯಾರ್ಥಿಗಳ ಕೈ ಹೀಗೆ ಸಡಿಲಿದ್ದನ್ನು ನಾನು ಹಿಂದಿನ ಆಸನದಲ್ಲಿ ನನ್ನ ಸ್ಟಿಕ್ ಮುಂದಕ್ಕೆ ಜಾರಿದಾಗಲೇ ಗುರುತಿಸುತ್ತಿದ್ದೆ. ಕಾಲು ನೋಡುವ ಮುಂಚೆಯೇ ಕೈ ಹೇಳಿಬಿಡುತ್ತಿತ್ತು.

ಇನ್ನೊಂದು ಮಾತು, ಕಣ್ಣಿನದು. ಪಿಟ್ಸ್‌ನಲ್ಲಿ ಬಾಲ ನೆಲದಲ್ಲಿದ್ದಾಗ ಎಂಜಿನ್ ಎದುರಿಗೆ ಗೋಡೆಯಂತೆ ನಿಲ್ಲುತ್ತದೆ, ರನ್‌ವೇ ಕಾಣುವುದಿಲ್ಲ. ಹೊಸಬರು ಒಂದು ಕಡೆಗೆ ಕತ್ತು ಬಾಗಿಸಿ ಆ ಬದಿಯ ಅಂಚನ್ನೇ ನೋಡುತ್ತಾರೆ, ವಿಮಾನವೂ ಅತ್ತಲೇ ವಾಲುತ್ತದೆ. ಕತ್ತು ನೇರವಿಟ್ಟು, ಮೂಗಿನ ಎಡಬಲಗಳಲ್ಲಿ ಕಾಣುವ ರನ್‌ವೇಯ ಎರಡೂ ಅಂಚುಗಳನ್ನು ಕಡೆಗಣ್ಣಿನಲ್ಲಿ ಒಟ್ಟಿಗೆ ಹಿಡಿಯಬೇಕು. ಎಡಗಡೆಯ ತ್ರಿಕೋನ ಬಲಗಡೆಯದಕ್ಕಿಂತ ಕಿರಿದಾಯಿತೆಂದರೆ ಮೂಗು ಆಗಲೇ ಸರಿದಿದೆ ಎಂದರ್ಥ. ಅದನ್ನು ಕಂಡೊಡನೆ ಪೆಡಲ್ ಒತ್ತಿ, ಮೂಗು ನಿಂತೊಡನೆ ಬಿಟ್ಟುಬಿಡಬೇಕು. ಒತ್ತಿ ಹಿಡಿದರೆ ಮತ್ತೊಂದು ಕಡೆಗೆ ಹೊರಳುತ್ತದೆ. ವಿಮಾನ ನಿಂತಿರುವಾಗಲೇ ಒಳಗೆ ಕುಳಿತು, ಹತ್ತು ನಿಮಿಷ ಆ ನೋಟವನ್ನೇ ನೋಡುತ್ತಿರಿ. ಮೂರು ಚಕ್ರಗಳ ಇಳಿತದಲ್ಲಿ ನೆಲ ಮುಟ್ಟುವಾಗ ಕಾಣಬೇಕಾದ ನೋಟವೂ ಅದೇ.

ಗಂಗಾವತಿ ಪೈಲಟ್:

ಸರ್ ಹೇಳಿದ್ದಕ್ಕೆ ಪೂರ್ಣ ಸಮ್ಮತಿಯಿದೆ, ಆದರೆ ಸಮಸ್ಯೆಯ ಒಂದು ಪಾಲು ನೆಲ ಮುಟ್ಟುವ ಮುಂಚೆಯೇ ಹುಟ್ಟುತ್ತದೆ ಎಂಬುದು ನನ್ನ ಅನುಭವ. ವಿಮಾನ ಅಡ್ಡಲಾಗಿ ತೇಲುತ್ತ ನೆಲ ಮುಟ್ಟಿದರೆ, ಅಥವಾ ಮೂಗು ಒಂದು ಕಡೆಗೂ ಚಲನೆ ಮತ್ತೊಂದು ಕಡೆಗೂ ಇದ್ದರೆ, ಸರ್ ವಿವರಿಸಿದ ಆ ಓರೆಯನ್ನು ನಾವೇ ಮೇಲಿನಿಂದ ಹೊತ್ತು ತಂದಂತಾಗುತ್ತದೆ. ಹುಲ್ಲಿನ ಮೇಲೆ ಚಕ್ರ ಸ್ವಲ್ಪ ಜಾರಿ ಕ್ಷಮಿಸುತ್ತದೆ. ಡಾಂಬರು ಹಿಡಿದ ಚಕ್ರವನ್ನು ಬಿಡುವುದಿಲ್ಲ. ಪಿಟ್ಸ್ ಹಾರಿಸುವವರು ಕೊನೆಯವರೆಗೆ ಬಾಗಿದ ದಾರಿಯಲ್ಲಿ ಬರುವುದು, ಅಥವಾ ಒಂದು ರೆಕ್ಕೆ ತಗ್ಗಿಸಿ ಎದುರು ಪೆಡಲ್ ಒತ್ತಿ ಓರೆಯಾಗಿ ಇಳಿಯುವುದು ರನ್‌ವೇ ಕಣ್ಣಿಗೆ ಬೀಳಲೆಂದು. ಆ ಓರೆಯನ್ನು ನೆಲ ಮುಟ್ಟುವ ಮುಂಚೆ ಪೂರ್ತಿಯಾಗಿ ತೆಗೆಯದಿದ್ದರೆ ಮುಂದಿನ ಓಟವೆಲ್ಲ ಸಾಲ ತೀರಿಸುವುದರಲ್ಲಿಯೇ ಕಳೆಯುತ್ತದೆ.

ಬಿಸಿಲಿನ ವಿಷಯವನ್ನು ಯಾರೂ ಎತ್ತಲಿಲ್ಲ. ನಮ್ಮ ಬಳ್ಳಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರ, ಮೇ ತಿಂಗಳ ಮಧ್ಯಾಹ್ನ 41 ಡಿಗ್ರಿ. ಆ ತೆಳು ಗಾಳಿಯಲ್ಲಿ ವಿಮಾನವು ಸುಮಾರು 5,100 ಅಡಿ ಎತ್ತರದಲ್ಲಿರುವಂತೆ ವರ್ತಿಸುತ್ತದೆ. ಮಾಪಕದಲ್ಲಿ 80 ನಾಟ್ ಕಂಡರೂ ನಿಜವಾದ ವೇಗ 86ರ ಆಸುಪಾಸಿನಲ್ಲಿರುತ್ತದೆ. ವೇಗದ ಶಕ್ತಿ ಅದರ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ತಂಪು ದಿನದ ಸಮುದ್ರತೀರಕ್ಕೆ ಹೋಲಿಸಿದರೆ ನೆಲದ ಮೇಲೆ ಸಂಭಾಳಿಸಬೇಕಾದ ಶಕ್ತಿ ಶೇಕಡಾ 16ರಷ್ಟು ಹೆಚ್ಚು. ಜೊತೆಗೆ ಎರೆಹೊಲಗಳ ಮೇಲಿಂದ ಏಳುವ ಬಿಸಿಗಾಳಿ, ಮಧ್ಯಾಹ್ನದ ಸುಂಟರಗಾಳಿ. ಒಂದು ಸಣ್ಣ ಸುಂಟರಗಾಳಿ ರನ್‌ವೇ ದಾಟಿದರೆ ಎಡಗಾಳಿ ಕ್ಷಣಾರ್ಧದಲ್ಲಿ ಬಲಗಾಳಿಯಾಗುತ್ತದೆ. ಅಮೆರಿಕದ ಮರುಭೂಮಿಯ ಕಡೆ ಹಾರಿಸುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಇಂಥ ವಿಮಾನವನ್ನು ಕಲಿಯುವವರು ಬೆಳಗಿನ ಮೊದಲ ಎರಡು ಗಂಟೆಗಳನ್ನು ಆರಿಸಿಕೊಳ್ಳಲಿ.

ಮುಂದಿನ ಚಕ್ರಗಳ ಮೇಲೆ ಮಾತ್ರ ಇಳಿದು ಬಾಲವನ್ನು ಆಮೇಲೆ ಇಳಿಸುವ ವ್ಹೀಲ್ ಲ್ಯಾಂಡಿಂಗ್ ಮಾಡಿದರೆ ಎದುರು ಚೆನ್ನಾಗಿ ಕಾಣುತ್ತದೆ ಎಂದು ಕೆಲವರು ಹೇಳಬಹುದು. ಡೆಕಾಥ್ಲಾನ್‌ನಲ್ಲಿ ನನಗೂ ಅದು ಇಷ್ಟ. ಆದರೆ ಹಾಗೆ ಇಳಿಯುವಾಗ ವೇಗ ಹೆಚ್ಚಿರುತ್ತದೆ, ಚಕ್ರ ತಾಗಿದೊಡನೆ ಸ್ಟಿಕ್ಕನ್ನು ಒಂದಿಷ್ಟು ಮುಂದಕ್ಕೆ ಒತ್ತದಿದ್ದರೆ ಬಾಲ ಕೆಳಗಿಳಿದು ರೆಕ್ಕೆ ಮತ್ತೆ ಎತ್ತುತ್ತದೆ, ವಿಮಾನ ಚೆಂಡಿನಂತೆ ಪುಟಿಯುತ್ತದೆ. ಪುಟಿದ ವಿಮಾನವನ್ನು ನೆಲಕ್ಕೆ ಒತ್ತಲು ಹೋಗಬೇಡಿ. ಥ್ರಾಟಲ್ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬನ್ನಿ. ಥ್ರಾಟಲ್ ಕೊಡುವಾಗ ಬಲ ಪೆಡಲ್ ಸಿದ್ಧವಿರಲಿ, 260 ಅಶ್ವಶಕ್ತಿ ಒಮ್ಮೆಗೇ ಬಂದರೆ ಮೂಗು ಎಡಕ್ಕೆ ಹಾರುತ್ತದೆ. ಸುಖೋಯ್ 26ರಂಥ ರಷ್ಯಾದ ಕಸರತ್ತು ವಿಮಾನಗಳ ಪ್ರೊಪೆಲ್ಲರ್ ಎದುರು ದಿಕ್ಕಿನಲ್ಲಿ ತಿರುಗುವುದರಿಂದ ಅಲ್ಲಿ ಎಡ ಪೆಡಲ್ ಬೇಕಾಗುತ್ತದೆ.

ಸಂಡೂರು ಓದುಗ:

ನಾನು ಪೈಲಟ್ ಅಲ್ಲ, ಆಸಕ್ತಿಯಿಂದ ಓದುತ್ತಿದ್ದೇನೆ. ರನ್‌ವೇ ಬಿಟ್ಟು ನಿಲ್ಲಿಸುವ ಜಾಗಕ್ಕೆ ಹೋಗುವಾಗ ಎದುರು ಕಾಣದಿದ್ದರೆ ಹೇಗೆ ನಡೆಸುತ್ತಾರೆ? ಅಂಥ ಹಗುರವಾದ ವಿಮಾನವನ್ನು ಕೈಯಿಂದಲೇ ತಳ್ಳುತ್ತಾರೆಯೇ?

ರಾಯಚೂರು ಮೆಕ್ಯಾನಿಕ್:

ಹಾವಿನಂತೆ ಎಡಬಲಕ್ಕೆ ಹೊರಳುತ್ತ ನಡೆಸುತ್ತಾರೆ. ಎಡಕ್ಕೆ ಹೊರಳಿದಾಗ ಬಲಗಡೆಯ ಕಿಟಕಿಯಿಂದ ಮುಂದಿನ ದಾರಿ ಕಾಣುತ್ತದೆ, ಬಲಕ್ಕೆ ಹೊರಳಿದಾಗ ಎಡಗಡೆಯಿಂದ. ನಡೆಯುವ ಮನುಷ್ಯನಿಗಿಂತ ಬೇಗ ಹೋಗಬಾರದು. ಗಾಳಿ ಎದುರಿನಿಂದಿದ್ದರೆ ಸ್ಟಿಕ್ ಹಿಂದಕ್ಕೆ ಮತ್ತು ಗಾಳಿಯ ಕಡೆಗೆ; ಹಿಂಬದಿಯಿಂದ ಜೋರಾಗಿ ಬೀಸುತ್ತಿದ್ದರೆ ಸ್ಟಿಕ್ ಮುಂದಕ್ಕೆ ಮತ್ತು ಗಾಳಿಗೆ ವಿರುದ್ಧ ಕಡೆಗೆ. ಬ್ರೇಕನ್ನು ಬೆರಳಿನಿಂದ ಮುಟ್ಟಿದಷ್ಟು ಮೃದುವಾಗಿ ಬಳಸಬೇಕು, ಜೋರಾಗಿ ಒತ್ತಿದರೆ ಬಾಲ ಎದ್ದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಪ್ರೊಪೆಲ್ಲರ್ ಬಡಿದರೆ ಎಂಜಿನ್ ಬಿಚ್ಚಿ ನೋಡದೆ ಮತ್ತೆ ಹಾರಿಸುವಂತಿಲ್ಲ.

ಕೈಯಿಂದ ತಳ್ಳುವುದು ನಿತ್ಯದ ಕೆಲಸ. ಆದರೆ ಎಲ್ಲೆಂದರಲ್ಲಿ ಕೈ ಇಡುವಂತಿಲ್ಲ. ಪಿಟ್ಸ್‌ನ ರೆಕ್ಕೆ ಮರದ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದ್ದು. ಹೆಬ್ಬೆರಳು ಒತ್ತಿದರೆ ಬಟ್ಟೆ ಕುಗ್ಗಿ ಒಳಗಿನ ಪಟ್ಟಿ ಮುರಿಯಬಹುದು. ರೆಕ್ಕೆಗಳ ನಡುವಿನ ಕಂಬ ರೆಕ್ಕೆಗೆ ಸೇರುವ ಜಾಗದಲ್ಲಿ ಹಿಡಿದು ತಳ್ಳುತ್ತೇವೆ. ಪ್ರೊಪೆಲ್ಲರ್‌ನ ತುದಿಯನ್ನೂ, ಅದರ ಮುಂದಿನ ಟೊಪ್ಪಿಯನ್ನೂ, ಬಾಲದ ಪಟ್ಟಿಗಳ ತುದಿಯನ್ನೂ ಹಿಡಿಯುವುದಿಲ್ಲ. ಸ್ವಿಚ್ ಬಂದಾಗಿದ್ದರೂ ಪ್ರೊಪೆಲ್ಲರ್ ಯಾವಾಗ ಬೇಕಾದರೂ ಒದೆಯಬಹುದೆಂದು ತಿಳಿದೇ ಅದರ ಹತ್ತಿರ ಹೋಗಬೇಕು. ನಿಲ್ಲಿಸುವಾಗ ಮೂಗು ಗಾಳಿಗೆ ಎದುರಾಗಿರಲಿ, ಸ್ಟಿಕ್ಕನ್ನು ಕಟ್ಟಿ, ರೆಕ್ಕೆಗಳನ್ನೂ ಬಾಲವನ್ನೂ ನೆಲದ ಗೂಟಗಳಿಗೆ ಹಗ್ಗದಿಂದ ಬಿಗಿದು ಬಿಡಬೇಕು. ನಮ್ಮ ಎರೆಮಣ್ಣಿನ ನೆಲದಲ್ಲಿ ಇನ್ನೊಂದು ಎಚ್ಚರ ಬೇಕು: ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಆ ಪುಟ್ಟ ಚಕ್ರ ಯಾವುದರಲ್ಲಿ ಸಿಕ್ಕಿಕೊಂಡರೂ ವಿಮಾನ ಮೂಗಿನ ಮೇಲೆ ನಿಲ್ಲುತ್ತದೆ.

ಕೌಲ್‌ಬಜಾರ್ ಮಾಡೆಲ್:

ಚಕ್ರದ ಹೊಂದಾಣಿಕೆಯ ವಿಷಯದಲ್ಲಿ ಮೆಕ್ಯಾನಿಕ್ ಅವರ ವಿವರಣೆಯನ್ನು ಒಪ್ಪುತ್ತೇನೆ. ನನ್ನ ಮಾಡೆಲ್‌ನಲ್ಲಿ ಭಾರವೇ ಇಲ್ಲದಿರುವುದರಿಂದ ಉಜ್ಜುವಿಕೆ ಗೆಲ್ಲುತ್ತದೆ, ದೊಡ್ಡದರಲ್ಲಿ ಭಾರದ ವಾಲುವಿಕೆ ಗೆಲ್ಲುತ್ತದೆ ಎಂದು ತಿಳಿದುಕೊಂಡೆ. ನಿನ್ನೆ ಸಂಜೆ ಮಾಡೆಲ್ ಇಳಿಸಿದ ಮೇಲೆ ಎಲಿವೇಟರ್ ಕಡ್ಡಿಯನ್ನು ಕೊನೆಯವರೆಗೂ ಹಿಂದಕ್ಕೆ ಎಳೆದೇ ಹಿಡಿದು ನೋಡಿದೆ. ಆರು ಇಳಿತಗಳಲ್ಲಿ ಒಮ್ಮೆಯೂ ತಿರುಗಲಿಲ್ಲ.

ಸಿರುಗುಪ್ಪ ಪೈಲಟ್:

ಹಿಂದಿರುಗಿ ಬಂದು ಹತ್ತು ದಿನಗಳಾದವು. ಮೊದಲ ದಿನ ವಿಮಾನವನ್ನು ಹಾರಿಸಲೇ ಇಲ್ಲ. ಎಂಜಿನ್ ಆರಿಸಿದ ವಿಮಾನದಲ್ಲಿ ಕುಳಿತು, ಎರಡೂ ಬದಿಯ ತ್ರಿಕೋನಗಳನ್ನು ಕಡೆಗಣ್ಣಿನಲ್ಲಿ ನೋಡುತ್ತ ಇದ್ದುಬಿಟ್ಟೆ. ಎರಡನೆಯ ದಿನ ಬೋಧಕರಿಗೆ ನಿಮ್ಮೆಲ್ಲರ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವರು ವಿಡಿಯೊ ನೋಡಿ, ತಾವು ನನ್ನ ಕಾಲುಗಳನ್ನೇ ಗಮನಿಸುತ್ತಿದ್ದುದಾಗಿಯೂ ಸ್ಟಿಕ್ ಮುಂದಕ್ಕೆ ಜಾರಿದ್ದನ್ನು ಗಮನಿಸಲಿಲ್ಲವೆಂದೂ ಒಪ್ಪಿಕೊಂಡರು.

ಆಮೇಲೆ ಬೆಳಗಿನ ಹೊತ್ತಿನಲ್ಲಿಯೇ ಹಾರಿದೆವು. ಇಳಿದ ಮೇಲೆ ವಿಮಾನ ಪೂರ್ತಿ ನಿಲ್ಲುವವರೆಗೆ ಸ್ಟಿಕ್ ಹೊಟ್ಟೆಗೆ ಒತ್ತಿರಬೇಕು, ನಿಂತ ಮೇಲೆ ನಾನು ಗಟ್ಟಿಯಾಗಿ "ನಿಂತಿತು" ಎಂದು ಹೇಳಬೇಕು, ಅಲ್ಲಿಯವರೆಗೆ ಕೈ ಸಡಿಲಿಸುವಂತಿಲ್ಲ ಎಂದು ಬೋಧಕರು ನಿಯಮ ಮಾಡಿದರು. ಆ ಪದವನ್ನು ಅವರೇ ಕನ್ನಡದಲ್ಲಿ ಕಲಿತುಕೊಂಡಿದ್ದಾರೆ. ನಿನ್ನೆ ಎಡಗಾಳಿ 11 ನಾಟ್ ಇತ್ತು. ನಾಲ್ಕು ಇಳಿತ ಮಾಡಿದೆವು. ಎರಡನೆಯದರಲ್ಲಿ ಎಡಗಡೆಯ ತ್ರಿಕೋನ ಕಿರಿದಾದದ್ದು ಕಂಡಿತು, ಬಲಗಾಲು ಒಮ್ಮೆ ಒತ್ತಿ ಬಿಟ್ಟಿತು. ಬಾಲಚಕ್ರ ಹಿಡಿದುಕೊಂಡದ್ದು ಪೆಡಲ್‌ನಲ್ಲಿಯೇ ಗೊತ್ತಾಯಿತು. ನಾಲ್ಕನೆಯದರಲ್ಲಿ ಮುಂದಿನ ಆಸನದಿಂದ "ನಿಂತಿತು" ಎಂದು ಕೇಳಿಸಿತು; ನಾನು ಹೇಳುವ ಮುಂಚೆಯೇ ಅವರು ಹೇಳಿದ್ದರು. ನಾಳೆ ಬೆಳಿಗ್ಗೆ ಆ ಆಸನ ಖಾಲಿಯಿರುತ್ತದೆ.